ನೆಂಟರು ಭಾರತದ ಬಗ್ಗೆ ಕೇಳಿದರೆ ಮಲ್ಪೆಯಿಂದಲೇ ಶುರುಮಾಡಿ

ಉಡುಪಿ ಕಡೆ ಮನೆ ಇದ್ದರೆ ನೆಂಟರಿಗೆ ಬರವಿಲ್ಲ. ಮುಂಬಯಿಯಿಂದ ಅಕ್ಕನ ಮಕ್ಕಳು ಬರುತ್ತಾರೆ. ದುಬೈಯಲ್ಲೇ ಹುಟ್ಟಿ ಬೆಳೆದ ಅಣ್ಣನ ಮಕ್ಕಳು ಬರುತ್ತಾರೆ. ಮಣಿಪಾಲದಲ್ಲಿ ಓದುವ ಹುಡುಗರು ತಮ್ಮ ಉತ್ತರದ ಗೆಳೆಯರನ್ನು ಕರೆದುಕೊಂಡು ಬರುತ್ತಾರೆ. ಹೋಂಸ್ಟೇ ನಡೆಸುವವರಿಗಂತೂ ಹೊರದೇಶದವರೂ ಸಿಗುತ್ತಾರೆ. ಒಂದು ದಿನ ಸುಮ್ನೆ ಮೀನೂಟ, ನೀರುದೋಸೆ ಅಂತ ಕಳೆಯುತ್ತದೆ. ಆಮೇಲೆ ಪ್ರಶ್ನೆ ಶುರು. ಇಲ್ಲಿ ಯಾಕೆ ಇಷ್ಟು ಮಳೆ? ಹುಲಿ ಇದೆಯಾ? ಬ್ರಿಟಿಷರಿಗಿಂತ ಮೊದಲು ಇಲ್ಲಿ ಯಾರಿದ್ದರು? ಭಾರತದಲ್ಲಿ ಎಲ್ಲಾ ಕಡೆ ಹೀಗೇನಾ?

ಜಾಸ್ತಿ ಜನ ಫೋನ್ ತೆಗೆದು ಒಂದು ಅಂಕಿ ಓದಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಅಂಕಿ ಕೇಳಿದವರ ಫೋನಿನಲ್ಲೂ ಸಿಗುತ್ತದಲ್ಲ! ಅವರ ಫೋನಿನಲ್ಲಿ ಸಿಗದೇ ಇರುವುದು ನಮ್ಮ ಕಡಲು, ನಮ್ಮ ಘಟ್ಟ, ನಮ್ಮ ಹೊಳೆ. ಈ ದೇಶ ಹೇಗೆ ಆಯಿತು ಅನ್ನುವ ದೊಡ್ಡ ಪ್ರಶ್ನೆಗಳಿಗೂ ಕಣ್ಣಿಗೆ ಕಾಣುವ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ತೋರಿಸಿ, ಆಮೇಲೆ ಹೇಳಿ, ಅಂಕಿ ಕೊನೆಗೆ. ಪ್ರಶ್ನೆ ಇಡೀ ದೇಶದ್ದಾದರೂ ಉತ್ತರ ನಿಂತ ಜಾಗದಿಂದ ಶುರುವಾಗಲಿ.

ತಯಾರಿ ಏನೂ ದೊಡ್ಡದಲ್ಲ. ಚಾವಡಿಯ ಗೋಡೆಗೆ ಭಾರತದ ಒಂದು ದೊಡ್ಡ ಪ್ರಾಕೃತಿಕ ನಕ್ಷೆ ಹಾಕಿ. ಬೆಟ್ಟಗಳು ಕಂದು, ಬಯಲು ಹಸಿರು, ಹೊಳೆಗಳು ನೀಲಿ ಇರುವಂಥದ್ದು. ರಾಜ್ಯಗಳ ಬಣ್ಣ ಬಣ್ಣದ ನಕ್ಷೆ ಬೇಡ, ಅದರಲ್ಲಿ ಘಟ್ಟವೇ ಕಾಣುವುದಿಲ್ಲ. ನಕ್ಷೆ ನಮ್ಮ ಸರ್ವೆ ಆಫ್ ಇಂಡಿಯಾದ ಗಡಿರೇಖೆ ಅನುಸರಿಸಿದ್ದಾಗಿರಲಿ. 1767ರಿಂದ ಈ ದೇಶವನ್ನು ಅಳೆಯುತ್ತಾ ಬಂದಿರುವ ಸಂಸ್ಥೆ ಅದು. ಹೊರದೇಶದ ತಾಣಗಳಿಂದ ಇಳಿಸಿಕೊಂಡ ನಕ್ಷೆಗಳಲ್ಲಿ ಕಾಶ್ಮೀರದ ಗಡಿ ಬೇರೆ ಥರ ಇರುತ್ತದೆ. ಮಕ್ಕಳು ಅದನ್ನೇ ನೋಡಿ ಕಲಿತರೆ ಆಮೇಲೆ ಗೊಂದಲ.

ಸುಲಭದ ಪ್ರಶ್ನೆಗಳನ್ನು ಬೇಗ ಮುಗಿಸಿಬಿಡಿ. ಭಾರತದ ವಿಸ್ತೀರ್ಣ ಸುಮಾರು 32.87 ಲಕ್ಷ ಚದರ ಕಿ.ಮೀ., ಜಗತ್ತಿನಲ್ಲಿ 7ನೇ ಸ್ಥಾನ. ಅತಿ ಎತ್ತರದ ಶಿಖರ ಕಾಂಚನಜುಂಗಾ, 8,586 ಮೀಟರ್. ಕರ್ನಾಟಕದ್ದು ಕೇಳಿದರೆ ಮುಳ್ಳಯ್ಯನಗಿರಿ, 1,930 ಮೀಟರ್. ರಾಷ್ಟ್ರಪ್ರಾಣಿ ಹುಲಿ, ರಾಷ್ಟ್ರಪಕ್ಷಿ ನವಿಲು. ನವಿಲಂತೂ ನಮ್ಮ ಗದ್ದೆ ಬದಿಯಲ್ಲೇ ಸಿಗುತ್ತದೆ, ಬೆಳಿಗ್ಗೆ ಬೇಗ ಎಬ್ಬಿಸಿ ತೋರಿಸಿ.

ಕರಾವಳಿ ಎಷ್ಟು ಉದ್ದ ಅಂತ ಕೇಳಿದರೆ ಮಾತ್ರ ಸ್ವಲ್ಪ ನಿಲ್ಲಿ. ನಾವೆಲ್ಲ ಶಾಲೆಯಲ್ಲಿ ಓದಿದ್ದು 7,516 ಕಿ.ಮೀ. ಈಗ ಸರಕಾರವೇ ಕೊಡುವ ಲೆಕ್ಕ 11,098 ಕಿ.ಮೀ. ದೇಶ ಬೆಳೆಯಲಿಲ್ಲ, ಅಳತೆ ಸೂಕ್ಷ್ಮವಾಯಿತು ಅಷ್ಟೇ. ಇದನ್ನು ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಕೋಡಿ ಬೆಂಗ್ರೆಗೆ ಕರೆದುಕೊಂಡು ಹೋಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮರಳಿನ ಪಟ್ಟಿ, ಅದರ ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಅಲ್ಲಿ ನಿಲ್ಲಿಸಿ ಕೇಳಿ, ಈ ದಡವನ್ನು ಹೇಗೆ ಅಳೆಯುತ್ತೀರಿ? ಅಳಿವೆಯ ಬಾಯಿಗೆ ಅಡ್ಡ ಒಂದು ನೇರ ಗೆರೆ ಎಳೆದರೆ ಒಂದು ಲೆಕ್ಕ, ಪ್ರತಿ ತಿರುವನ್ನೂ ಹಿಡಿದು ಹೋದರೆ ಇನ್ನೊಂದು. ಹತ್ತು ವರ್ಷದ ಮಕ್ಕಳೂ ತಾವೇ ಉತ್ತರ ಹೇಳುತ್ತಾರೆ.

ಸಂಜೆ ಮಲ್ಪೆಯಲ್ಲಿ ಸೂರ್ಯಾಸ್ತ ನೋಡುವಾಗ ಕೋಲ್ಕತ್ತಾದವರು ಇದ್ದರೆ ಖಂಡಿತ ಕೇಳುತ್ತಾರೆ, ಇಲ್ಲಿ ಇಷ್ಟು ಹೊತ್ತಾದರೂ ಯಾಕೆ ಕತ್ತಲಾಗಿಲ್ಲ ಅಂತ. ಇಡೀ ದೇಶಕ್ಕೆ ಒಂದೇ ಗಡಿಯಾರ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು. ನಾವು ಇರುವುದು 74.8 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು ಅರ್ಧ ಗಂಟೆ ವ್ಯತ್ಯಾಸ. ಅಂದರೆ ಸೂರ್ಯ ನಮ್ಮ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ 12ಕ್ಕಲ್ಲ, 12.30ರ ಆಸುಪಾಸಿಗೆ. ಏಪ್ರಿಲ್ 24, 25ರ ಸುಮಾರಿಗೆ ಮಕ್ಕಳು ಮನೆಯಲ್ಲಿದ್ದರೆ ಆ ಹೊತ್ತಿಗೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಕೋಲಿನ ಬುಡಕ್ಕೇ ಸೇರಿ ಮಾಯವಾಗುತ್ತದೆ. ಆಗಸ್ಟ್ 18ರ ಸುಮಾರಿಗೂ ಹಾಗೇ ಆಗುತ್ತದೆ, ಆದರೆ ಆಗ ನಮ್ಮಲ್ಲಿ ಸೂರ್ಯನೇ ಕಾಣುವುದು ಕಷ್ಟ. ದಿಲ್ಲಿಯ ನೆಂಟರಿಗೆ ಇದನ್ನು ತೋರಿಸಿ, ಅವರ ಊರಲ್ಲಿ ಇದು ಯಾವತ್ತೂ ಆಗುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವ ಊರುಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದೇ ಇಲ್ಲ.

ದೇಶ ಎಲ್ಲಿಂದ ಬಂತು ಅನ್ನುವುದಕ್ಕೆ ಸೇಂಟ್ ಮೇರೀಸ್

ಇದಕ್ಕೆ ಅರ್ಧ ದಿನ ಪೂರ್ತಿ ಕೊಡಿ. ಮಲ್ಪೆಯಿಂದ ಬೆಳಗಿನ ಬೋಟಿಗೇ ಈ ದ್ವೀಪಕ್ಕೆ ಹೋಗಿ, ಬಿಸಿಲೇರಿದರೆ ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ. ಜನ ಸೆಲ್ಫಿ ತೆಗೆಯುವ ಕಡೆಗಿಂತ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿರುವ ಕಡೆ ಕರೆದುಕೊಂಡು ಹೋಗಿ. ಅಲ್ಲಿ ಒಂದು ಕಂಬದ ತಲೆಯ ಮೇಲೆ ಬೆರಳಿಟ್ಟು ಅಂಚನ್ನು ಸವರಿ ಮೂಲೆಗಳನ್ನು ಎಣಿಸಲು ಹೇಳಿ. ಕೆಲವಕ್ಕೆ ಐದು, ತುಂಬಾದಕ್ಕೆ ಆರು, ಕೆಲವಕ್ಕೆ ಏಳು. ಯಾರೋ ಕೆತ್ತಿದ್ದು ಅಂದುಕೊಳ್ಳುವವರೇ ಜಾಸ್ತಿ.

ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಉಕ್ಕಿತು. ಅದು ನಿಧಾನಕ್ಕೆ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ನೀರು ಬತ್ತಿದ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಅದೇ ಥರ. ಇಲ್ಲಿ ಬಿರುಕು ಆಳಕ್ಕೆ ಇಳಿಯುತ್ತಾ ಹೋಗಿದ್ದರಿಂದ ಕಂಬಗಳಾದವು. ಎಲ್ಲರೂ ಬಸಾಲ್ಟ್ ಅನ್ನುತ್ತಾರೆ, ಸರಿಯಾಗಿ ಹೇಳಬೇಕೆಂದರೆ ಇದು ಡೇಸೈಟ್ ಜಾತಿಯ ಲಾವಾ ಕಲ್ಲು. ಮಹಾರಾಷ್ಟ್ರದ ಕಪ್ಪು ಬಸಾಲ್ಟ್ ಬೇರೆ, ಅದು ಸುಮಾರು 6.6 ಕೋಟಿ ವರ್ಷದ ಹಿಂದಿನದು. ಪುಣೆ ಕಡೆಯಿಂದ ಬಂದವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಬಿಡಿಸಿ ಹೇಳಿ.

ಈಗ ನೈಋತ್ಯಕ್ಕೆ, ಅಂದರೆ ಪಶ್ಚಿಮ ಮತ್ತು ದಕ್ಷಿಣದ ನಡುವೆ ಕೈ ತೋರಿಸಿ. ಆ ದಿಕ್ಕಿನಲ್ಲಿ ಸುಮಾರು 4 ಸಾವಿರ ಕಿ.ಮೀ. ದೂರದಲ್ಲಿ ಮಡಗಾಸ್ಕರ್ ಇದೆ. ಈ ಲಾವಾ ಉಕ್ಕಿದಾಗ ಅದು ನಮಗೆ ಅಂಟಿಕೊಂಡಿತ್ತು. ಅವೆರಡೂ ಬೇರೆಯಾಗುವ ಹೊತ್ತಿಗೆ ಬಂದ ಲಾವಾ ಇದು, ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಅಲ್ಲಿಂದ ಬಿಡಿಸಿಕೊಂಡ ಭಾರತ ಉತ್ತರಕ್ಕೆ ಸರಿಯುತ್ತಾ ಹೋಗಿ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು, ಆ ಒತ್ತಡಕ್ಕೆ ಎದ್ದದ್ದೇ ಹಿಮಾಲಯ. ಅಂದರೆ ನಿಮ್ಮ ನೆಂಟರು ಕಾಲಿಟ್ಟು ನಿಂತಿರುವ ಕಲ್ಲು ಹಿಮಾಲಯಕ್ಕಿಂತ ಹಳೆಯದು. ಇದನ್ನು ಹೇಳಿ ಒಂದು ನಿಮಿಷ ಸುಮ್ಮನಿರಿ. ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲಿನ ಚೂರು, ಚಿಪ್ಪು ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳಲು ಬಿಡಬೇಡಿ.

ಅಲ್ಲೇ ಇನ್ನೊಂದು ಪ್ರಶ್ನೆ ಬರುತ್ತದೆ: ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಇಳಿದದ್ದು ಇಲ್ಲೇ ಅಂತೆ ಹೌದಾ? ಹೌದು ಅಂತ ಹೇಳಲು ನಮಗೂ ಆಸೆಯೇ. ಆದರೆ ಅವನು 1498ರ ಮೇ ತಿಂಗಳಲ್ಲಿ ಮುಟ್ಟಿದ್ದು ಕೇರಳದ ಕೋಳಿಕ್ಕೋಡು ಕರಾವಳಿಯನ್ನು. ವಾಪಸು ಹೋಗುವಾಗ ಸೆಪ್ಟೆಂಬರಿನಲ್ಲಿ ದಡದ ಹತ್ತಿರದ ಒಂದು ಪುಟ್ಟ ದ್ವೀಪದಲ್ಲಿ ಕಲ್ಲಿನ ಕಂಬ ನೆಟ್ಟು ಸಂತ ಮೇರಿಯ ಹೆಸರಿಟ್ಟರು ಎಂದು ಆ ಯಾನದ ದಿನಚರಿ ಹೇಳುತ್ತದೆ. ಆ ದ್ವೀಪ ಇದೇ ಎಂಬುದು ನಡೆದುಕೊಂಡು ಬಂದ ನಂಬಿಕೆ. ಹೀಗೆ ದಾಖಲೆ ಯಾವುದು, ನಂಬಿಕೆ ಯಾವುದು ಅಂತ ಬೇರೆ ಬೇರೆ ಮಾಡಿ ಹೇಳಿ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆಯನ್ನೂ ಬಿಡಬೇಡಿ, ಅದನ್ನು ಹೇಳದೆ ಕರಾವಳಿ ತೋರಿಸಿದರೆ ಅರ್ಧ ಮಾತ್ರ ತೋರಿಸಿದ ಹಾಗೆ. ಕಥೆಯನ್ನು ಕಥೆಯ ಗತ್ತಿನಲ್ಲೇ ಹೇಳಿ, ಕಲ್ಲಿನ ವಯಸ್ಸನ್ನು ಕಲ್ಲಿನ ಲೆಕ್ಕದಲ್ಲಿ ಹೇಳಿ. ಮಕ್ಕಳಿಗೆ ಎರಡೂ ಹಿಡಿಸುತ್ತವೆ.

ಮಳೆ ಮತ್ತು ಹೊಳೆ

ಮಳೆಯ ಪ್ರಶ್ನೆಗೆ ಉತ್ತರ ಹೆಬ್ರಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿದೆ. ಸೋಮೇಶ್ವರ ದಾಟುತ್ತಿದ್ದಂತೆ ಘಟ್ಟ ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ಕಾರು ನಿಲ್ಲಿಸಿ ಅದನ್ನು ನೋಡಲು ಹೇಳಿ. ಕಡಲಿನಿಂದ ನೀರಿನ ಆವಿ ಹೊತ್ತು ಬರುವ ಗಾಳಿಗೆ ಇದನ್ನು ಹತ್ತದೆ ಬೇರೆ ದಾರಿಯಿಲ್ಲ. ಹತ್ತುತ್ತಾ ತಣ್ಣಗಾಗುತ್ತದೆ, ಆವಿ ನೀರಾಗುತ್ತದೆ, ಅಲ್ಲೇ ಸುರಿಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿ.ಮೀ. ಮಳೆಯಾದರೆ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಘಟ್ಟ ಇಳಿದು ಒಳನಾಡಿಗೆ ಹೋದರೆ ಚಿತ್ರದುರ್ಗದ ಕಡೆ ಅದರ ಹತ್ತನೇ ಒಂದು ಪಾಲೂ ಬಂದರೆ ಹೆಚ್ಚು. ಆಗುಂಬೆಯೇ ದೇಶದಲ್ಲಿ ಮೊದಲಾ ಅಂತ ಕೇಳುತ್ತಾರೆ. ಅಲ್ಲ, ಮೇಘಾಲಯದ ಮಾಸಿನ್ರಾಮ್‌ನಲ್ಲಿ 11,000 ಮಿ.ಮೀ.ಗೂ ಮೇಲೆ. ಆದರೆ ಅಲ್ಲೂ ಕಾರಣ ಇದೇ: ಬಂಗಾಳ ಕೊಲ್ಲಿಯ ಗಾಳಿ, ಎದುರಿಗೆ ಬೆಟ್ಟ. ಒಂದನ್ನು ಅರ್ಥ ಮಾಡಿಸಿದರೆ ಎರಡೂ ಅರ್ಥವಾಯಿತು.

ಇದೇ ಮಳೆ ನಾವು ಮನೆ ಕಟ್ಟುವ ಕೆಂಪು ಮುರಕಲ್ಲಿನ ಗುಟ್ಟು ಕೂಡ. ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಕಲ್ಲು ಕರಗಿ, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದದ್ದೇ ಆ ಕೆಂಪು. ನೆಲದಿಂದ ತೆಗೆಯುವಾಗ ಕಡಿಯಲು ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಗಿಲಾವು ಮಾಡದ ಒಂದು ಗೋಡೆಯ ಹತ್ತಿರ ನಿಲ್ಲಿಸಿ ಅದರ ತೂತುಗಳನ್ನು ಮುಟ್ಟಿ ನೋಡಲು ಹೇಳಿ.

ನನಗೆ ಅತಿ ಇಷ್ಟವಾದ ಪಾಠ ಆಮೇಲಿನದು. ಆಗುಂಬೆಯ ಹತ್ತಿರದ ಕಾಡಿನಲ್ಲಿ ಸೀತಾ ನದಿ ಹುಟ್ಟುತ್ತದೆ, ಪಶ್ಚಿಮಕ್ಕೆ ಇಳಿದು ಬಾರ್ಕೂರು ಕಡೆಯಿಂದ ಬಂದು ಅದೇ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಅಲ್ಲಿಂದ ಮುಂದೆ ಶೃಂಗೇರಿಗೆ ಹೋಗಿ ತುಂಗೆಯ ದಡದಲ್ಲಿ ನಿಂತರೆ ನೀರು ಬೇರೆ ದಾರಿ ಹಿಡಿದಿದೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖದ ಗಂಗಾಮೂಲದಲ್ಲಿ, ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ. ಆದರೂ ಆ ಕಡೆ ಬೆನ್ನು ಹಾಕಿ ಕೂಡಲಿಯಲ್ಲಿ ಒಂದಾಗಿ, ಹಂಪಿಯನ್ನು ಹಾದು, ಕೃಷ್ಣೆಯನ್ನು ಸೇರಿ, ಇಡೀ ದಖನ್ನನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ನೇತ್ರಾವತಿ ಮಾತ್ರ ನಮ್ಮ ಕಡೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಯಾಕೆ ಅಂದರೆ ಘಟ್ಟದ ಪಶ್ಚಿಮ ಮುಖ ಕಡಿದಾದದ್ದು, ಪೂರ್ವಕ್ಕೆ ಪ್ರಸ್ಥಭೂಮಿ ನಿಧಾನಕ್ಕೆ ವಾಲಿಕೊಂಡಿದೆ. ಈಗ ಮನೆಗೆ ಬಂದು ಚಾವಡಿಯ ನಕ್ಷೆಯಲ್ಲಿ ಗೋದಾವರಿ, ಕೃಷ್ಣಾ, ಕಾವೇರಿ ಮೂರನ್ನೂ ಬೆರಳಿನಲ್ಲಿ ಹಿಡಿದು ಹೋಗಲು ಹೇಳಿ. ಮೂರೂ ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ ಹೋಗುತ್ತವೆ. ನರ್ಮದಾ, ತಾಪಿ ಯಾಕೆ ಉಲ್ಟಾ ಅಂತ ಜಾಣ ಮಕ್ಕಳು ಕೇಳುತ್ತಾರೆ. ಅವು ಬಿರುಕು ಬಿಟ್ಟು ಕುಸಿದ ಕಣಿವೆಗಳಲ್ಲಿ ಹರಿಯುತ್ತವೆ, ಆ ಕಣಿವೆಗಳು ಪಶ್ಚಿಮಕ್ಕೆ ತೆರೆದುಕೊಂಡಿವೆ.

ಪ್ರಾಣಿಗಳ ಪ್ರಶ್ನೆ ಬಂದರೆ ಆಸೆ ತೋರಿಸಬೇಡಿ

ಹುಲಿ ಇದೆಯಾ? ಇದೆ. ಕುದುರೆಮುಖದ ಕಾಡಿನಲ್ಲಿದೆ, ಆದರೆ ಕಾಣುವುದು ತೀರಾ ಅಪರೂಪ. ನೋಡಲೇಬೇಕು ಅನ್ನುವವರನ್ನು ನಾಗರಹೊಳೆ, ಬಂಡೀಪುರಕ್ಕೆ ಕಳಿಸಿ. 2022ರ ಗಣತಿಯಲ್ಲಿ ದೇಶದಲ್ಲಿ ಅಂದಾಜು 3,682 ಹುಲಿ, ಮಧ್ಯಪ್ರದೇಶ ಮೊದಲು, 563 ಹುಲಿಗಳೊಂದಿಗೆ ಕರ್ನಾಟಕ ಎರಡನೇದು. ಆನೆಯಲ್ಲಿ ನಮ್ಮ ರಾಜ್ಯವೇ ಮೊದಲು. ಸಿಂಹ ಕಾಡಿನಲ್ಲಿ ಇರುವುದು ಗುಜರಾತಿನ ಗಿರ್ ಮತ್ತು ಸುತ್ತಮುತ್ತ ಮಾತ್ರ, ಆಫ್ರಿಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಚಿರತೆ ಮತ್ತು ಚೀತಾ ಒಂದೇ ಅಂದುಕೊಂಡವರು ತುಂಬಾ ಜನ. ನಮ್ಮ ತೋಟದ ಬದಿಗೆ ನಾಯಿ ಹಿಡಿಯಲು ಬರುವುದು, ಆವರಣ ಇಲ್ಲದ ಬಾವಿಗೆ ಬಿದ್ದು ಸುದ್ದಿಯಾಗುವುದು ಚಿರತೆ. ಚೀತಾ ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟರು.

ಇಲ್ಲಿಯದೇ ಅನ್ನುವ ಪ್ರಾಣಿ ಕೇಳಿದರೆ ಸಿಂಗಳೀಕ ಅನ್ನುವ ಮಂಗದ ಹೆಸರು ಹೇಳಿ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಅದು ಕಾಡಿನಲ್ಲಿ ಇಲ್ಲ. ಘಟ್ಟದ ರಸ್ತೆಯಲ್ಲಿ ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಲು ಯಾರನ್ನೂ ಬಿಡಬೇಡಿ, ಮಕ್ಕಳು ಹಟ ಮಾಡಿದರೂ ಬಿಡಬೇಡಿ. ತಿಂಡಿಯ ಆಸೆಗೆ ರಸ್ತೆಗಿಳಿದು ಗಾಡಿಯಡಿ ಸಾಯುತ್ತವೆ.

ಕಾಳಿಂಗದ ಬಗ್ಗೆ ಎಲ್ಲರಿಗೂ ಕುತೂಹಲ. ಜಗತ್ತಿನ ಅತಿ ಉದ್ದದ ವಿಷದ ಹಾವು. ಆಗುಂಬೆಯಲ್ಲಿ ಅದರ ಬಗ್ಗೆ ಅಧ್ಯಯನ ಮಾಡುವ ಮಳೆಕಾಡು ಸಂಶೋಧನಾ ಕೇಂದ್ರ 2005ರಿಂದ ಇದೆ, ಶುರುಮಾಡಿದವರು ರೋಮುಲಸ್ ವಿಟೇಕರ್. ಹೆಣ್ಣು ಕಾಳಿಂಗ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ, ಹೀಗೆ ಗೂಡು ಕಟ್ಟುವ ಹಾವು ಬೇರೊಂದಿಲ್ಲ. ಅದು ತಿನ್ನುವುದೂ ಹೆಚ್ಚಾಗಿ ಬೇರೆ ಹಾವುಗಳನ್ನೇ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಎಂದು ಗುರುತಿಸಿ, ನಾವು ಕರೆಯುವ ಹೆಸರನ್ನೇ ವೈಜ್ಞಾನಿಕ ಹೆಸರಿಗೂ ಸೇರಿಸಿದರು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಹಾವಿನ ಭಯ ಇರುವ ನೆಂಟರಿಗೆ ರಾತ್ರಿ ಅಂಗಳಕ್ಕೆ ಇಳಿಯುವಾಗ ಟಾರ್ಚು ಕೊಡಿ, ಬಾಗಿಲ ಹೊರಗೆ ಬಿಟ್ಟ ಬೂಟು ಕೊಡವಿ ಹಾಕಿಕೊಳ್ಳಲು ಹೇಳಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ನೇರ ದೊಡ್ಡ ಆಸ್ಪತ್ರೆಗೆ.

ಇತಿಹಾಸಕ್ಕೆ ಬಂದರು ಮತ್ತು ಹಂಚು

ಇಲ್ಲಿ ಯಾಕೆ ಇಷ್ಟು ಭಾಷೆ, ತುಳು, ಕನ್ನಡ, ಕೊಂಕಣಿ, ಬ್ಯಾರಿ? ಈ ಪ್ರಶ್ನೆ ಬಂದರೆ ರಾಜರ ಪಟ್ಟಿ ಹೇಳಬೇಡಿ, ಮಂಗಳೂರಿನ ಹಳೆ ಬಂದರಿಗೆ ಕರೆದುಕೊಂಡು ಹೋಗಿ. ಬೋಟುಗಳು, ಗೋಣಿ ಹೊರುವವರು, ಗೋದಾಮುಗಳ ನಡುವೆ ನಿಂತು ಹೇಳಿ: 12ನೇ ಶತಮಾನದಲ್ಲಿ ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ್ದ, ಅವನ ಪತ್ರಗಳು ಕೈರೋದ ಯಹೂದಿ ಮಂದಿರದ ಉಗ್ರಾಣದಲ್ಲಿ ಸಿಕ್ಕವು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರು ದಾರಿಯಾಗಿ ವಿಜಯನಗರಕ್ಕೆ ಹೋದ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ, ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಎಲ್ಲ ಒಂದೇ ಕಾಲ. ಕರಿಮೆಣಸು, ಅಕ್ಕಿ ಈ ಬಂದರುಗಳಿಂದ ಹೊರಟು ಹಣ ಒಳಗೆ ಬರುತ್ತಿದ್ದ ಕಾಲ. ಆ ವ್ಯಾಪಾರವನ್ನು ಹಿಡಿಯಲು ಪೋರ್ಚುಗೀಸರು ಬಂದಾಗ 16ನೇ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಎದುರು ನಿಂತಳು.

ನೀವು ಮೈಸೂರು ರಾಜರ ಪ್ರಜೆಗಳಾ ಅಂತ ಬೆಂಗಳೂರಿನ ನೆಂಟರೂ ಕೇಳುತ್ತಾರೆ. ಎರಡನೇ ಮೈಸೂರು ಯುದ್ಧ ಮುಗಿಸಿದ 1784ರ ಒಪ್ಪಂದಕ್ಕೆ ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿ ಸಹಿ ಹಾಕಿದ್ದು ಮಂಗಳೂರಿನಲ್ಲೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕರಾವಳಿ ಕಂಪನಿಯ ಕೈಗೆ ಹೋಗಿ ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಕೊಟ್ಟರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆ. ಟಿಪ್ಪು ಬಗ್ಗೆ ಜಗಳ ಏಳುವ ಲಕ್ಷಣ ಕಂಡರೆ ಇಸವಿ, ಜಾಗ, ಒಪ್ಪಂದ ಹೇಳಿ ಮುಂದಕ್ಕೆ ಹೋಗಿ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂರಬೇಕಲ್ಲ.

ಮಕ್ಕಳಿಗೆ ಇಷ್ಟೊಂದು ಇಸವಿ ಬೇಡ, ಒಂದು ಹಳೆ ಹಂಚು ಸಾಕು. ಕೊಟ್ಟಿಗೆಯ ಹಿಂದೆ ಪೇರಿಸಿಟ್ಟದ್ದರಲ್ಲಿ ಒಂದನ್ನು ತಂದು ತಿರುಗಿಸಿ, ಪಾಚಿ ಉಜ್ಜಿ ತೆಗೆಯಿರಿ. ಅಚ್ಚೊತ್ತಿದ ಕಾರ್ಖಾನೆಯ ಹೆಸರು, ಊರು ಕಾಣುತ್ತದೆ. ಬಾಸೆಲ್ ಮಿಷನ್ ಎಂದಿದ್ದರೆ ಅದೃಷ್ಟ. ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ 1834ರಲ್ಲಿ ಇಲ್ಲಿಗೆ ಬಂದವರು ಅವರು. ಆ ಮಿಷನ್ನಿನವರೇ ಆದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಡಿಸಿದರು, 1865ರಲ್ಲಿ ಮಿಷನ್ನಿನವರು ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚಿನ ಕಾರ್ಖಾನೆ ಶುರುಮಾಡಿದರು. ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಮಾಡಿದ ವರ್ಷ ಅಲ್ಲ.

ಯಾವ ತಿಂಗಳಲ್ಲಿ ಕರೆಯಬೇಕು ಅನ್ನುವುದನ್ನೂ ಲೆಕ್ಕ ಹಾಕಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ದ್ವೀಪ, ಬಂದರು, ಬಸದಿ ಎಲ್ಲ ಆರಾಮವಾಗಿ ಆಗುತ್ತದೆ. ಮೇ ತಿಂಗಳಲ್ಲಿ ಬೆಳಗ್ಗೆ ಬೇಗ, ಸಂಜೆ ತಡವಾಗಿ ಮಾತ್ರ ಹೊರಗೆ. ಗಲ್ಫಿನ ಮಕ್ಕಳ ರಜೆ ಜುಲೈ, ಆಗಸ್ಟಿನಲ್ಲಿ. ಆಗ ಸೇಂಟ್ ಮೇರೀಸಿಗೆ ಬೋಟು ಇರುವುದಿಲ್ಲ, ಜುಲೈ ಕೊನೆಯವರೆಗೆ ಆಳಸಮುದ್ರದ ಬೋಟುಗಳೂ ದಡದಲ್ಲೇ ಇರುತ್ತವೆ. ಅವರಿಗೆ ಆಗುಂಬೆ, ಶೃಂಗೇರಿ, ಹೊಳೆಯ ಪಾಠ ಇಟ್ಟುಕೊಳ್ಳಿ. ಘಟ್ಟದ ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ, ಕಾಲಿಗೆ ಉದ್ದ ಸಾಕ್ಸ್ ಹಾಕಿಸಿ, ಚೀಲದಲ್ಲಿ ಉಪ್ಪಿನ ಪೊಟ್ಟಣ ಇರಲಿ. ಕಾಡಿನಲ್ಲಿ ಉಂಬಳ ಹತ್ತಿಯೇ ಹತ್ತುತ್ತವೆ.